ಸುಣ್ಣ ಯಾರ ಹೊಲಕ್ಕೆ, ಜಿಪ್ಸಂ ಯಾರ ಹೊಲಕ್ಕೆ? ಗೊಬ್ಬರ ಕೊಳ್ಳುವ ರೈತರಿಗೊಂದು ಬಹಿರಂಗ ಪತ್ರ

ಸೊಸೈಟಿಯ ಗೊಬ್ಬರದ ಸಾಲಿನಲ್ಲಿ ನಿಲ್ಲುವ ರೈತ ಬಂಧುಗಳೇ, ತಾಯಂದಿರೇ,



ಮುಂಗಾರು ಹತ್ತಿರವಾಗುತ್ತಿದ್ದಂತೆ ನಿಮ್ಮ ಮಾತೆಲ್ಲ ಚೀಲದ ಸುತ್ತ ತಿರುಗತೊಡಗುತ್ತದೆ. ಡಿಎಪಿ ಬಂತೇ, ಯೂರಿಯಾ ಲಾರಿ ಯಾವತ್ತು, ಕಾಂಪ್ಲೆಕ್ಸ್ ಕೇಳಿದರೆ ಬೇಡದ ಬಾಟಲಿಯನ್ನೂ ಜೊತೆಗೆ ಗಂಟು ಹಾಕುತ್ತಾರಂತೆ, ಹೌದೇ? ಈ ಚಿಂತೆಗಳು ಸುಳ್ಳಲ್ಲ. ಸಾಲ ಮಾಡಿ ಬಿತ್ತುವವರಿಗೆ ಒಂದು ಚೀಲದ ಬೆಲೆ ಏನೆಂದು ಗೊತ್ತು. ಆದರೆ ಚೀಲ ಮನೆಗೆ ಬರುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಿಮ್ಮ ಮಣ್ಣು ಹುಳಿಯೋ, ಸವುಳೋ, ಅಥವಾ ಎರಡೂ ಅಲ್ಲದ ಹದದಲ್ಲಿದೆಯೋ? ಹಾಕಿದ ಗೊಬ್ಬರ ಬೆಳೆಯ ಬಾಯಿಗೆ ಹೋಗುತ್ತದೋ, ಮಣ್ಣಿನಲ್ಲೇ ಉಳಿದುಬಿಡುತ್ತದೋ ಎಂಬುದನ್ನು ಬಹುಪಾಲು ನಿರ್ಧರಿಸುವುದು ಅದೇ. ಈ ಪತ್ರ ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ.

ನಾನು ಮಣ್ಣು ಪರೀಕ್ಷೆಯ ಮೇಜಿನ ಹಿಂದೆ ಕೂತು ನಿವೃತ್ತನಾದವನು. ಯೂರಿಯಾ ಚೀಲದಲ್ಲಿ, ಟವೆಲ್ಲಿನ ಗಂಟಿನಲ್ಲಿ, ಮದುವೆ ಮನೆಯ ಕೈಚೀಲದಲ್ಲಿ ನೀವು ತಂದ ಮಣ್ಣನ್ನು ಕಂಡವನು. ವರದಿ ಕೈಗೆ ಬಂದ ಕೂಡಲೇ ನಿಮ್ಮಲ್ಲಿ ಬಹುತೇಕರು ಕೇಳುತ್ತಿದ್ದುದು ಒಂದೇ ಮಾತು: ‘ಎಕರೆಗೆ ಎಷ್ಟು ಚೀಲ ಹಾಕಬೇಕು, ಸರ್?’ ಬೆರಳು ನೇರವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಸಾಲಿಗೆ ಹೋಗುತ್ತಿತ್ತು. 2015ರ ಫೆಬ್ರುವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಚಾಲನೆಗೊಂಡ ಮಣ್ಣು ಆರೋಗ್ಯ ಚೀಟಿ ಯೋಜನೆಯ ಕಾರ್ಡು ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇದ್ದೀತು. ಅದರಲ್ಲಿ 12 ಅಂಶಗಳಿವೆ. ಮೊದಲ ಸಾಲೇ ಪಿಎಚ್, ನಮ್ಮ ಕೃಷಿ ವಿಶ್ವವಿದ್ಯಾಲಯಗಳು ರಸಸಾರ ಎಂದು ಕರೆಯುವ ಅಂಕಿ. ಕೆಳಗಿನ ಸಾಲುಗಳಲ್ಲಿ ಏನಿದ್ದರೂ ಅದರ ಅರ್ಥ ಈ ಮೊದಲ ಸಾಲನ್ನು ಅವಲಂಬಿಸಿದೆ. ಕಣ್ಣು ಜಾರುವುದು ಮಾತ್ರ ಅದರ ಮೇಲೆಯೇ.

ಇದು ನಿಮಗೆ ಹೊಸ ವಿದ್ಯೆಯೆಂದು ನಾನು ಹೇಳುತ್ತಿಲ್ಲ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕೂಡುವುದನ್ನು ನೆನಪಿಸಿಕೊಳ್ಳಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕೂಡಿದ ಮೇಲೆ ಹೊಳೆಯುವ ಕಬ್ಬಿಣದ ಚಾಕುವನ್ನು ಡ್ರಮ್ಮಿನಲ್ಲಿ ಅದ್ದಿ ನೋಡುತ್ತೀರಿ. ಅಲಗಿನ ಮೇಲೆ ಕೆಂಪು ತಾಮ್ರದ ಪೊರೆ ಕಟ್ಟಿದರೆ ದ್ರಾವಣ ಇನ್ನೂ ಹುಳಿ. ಹಾಗೆಯೇ ಹೊಡೆದರೆ ಗೊನೆ, ಸೋಗೆ ಸುಟ್ಟೀತು. ಇನ್ನಷ್ಟು ಸುಣ್ಣದ ತಿಳಿ ಹಾಕುತ್ತೀರಿ, ಮತ್ತೆ ಅದ್ದುತ್ತೀರಿ, ಅಲಗು ಬೆಳ್ಳಗೆ ಬಂದ ಮೇಲೆಯೇ ಪಂಪಿಗೆ ಕೈ ಹಾಕುತ್ತೀರಿ. 1885ರಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳ ರೋಗಕ್ಕೆ ಮಿಲ್ಲಾರ್ದೆ ಕಂಡುಕೊಂಡ ಈ ಮದ್ದು ನಮ್ಮ ಅಡಿಕೆ ತೋಟದವರೆಗೂ ಬಂದದ್ದರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಲೆಸ್ಲಿ ಕೋಲ್ಮನ್ನರ ದೊಡ್ಡ ಪಾಲಿದೆ. ಶತಮಾನ ದಾಟಿದ ಈ ಎಚ್ಚರ ನಿಮ್ಮ ಕೈಯಲ್ಲಿ ಹಾಗೇ ಉಳಿದಿದೆ.

ಅಂಥ ಒಬ್ಬ ಹಿರಿಯ ಬೆಳೆಗಾರರ ತೋಟಕ್ಕೆ ನಾನು ಹೋಗಿದ್ದೆ. ಡ್ರಮ್ಮಿನ ಮುಂದೆ ಅವರ ಶಿಸ್ತು ನೋಡಿ ತಲೆದೂಗಿದೆ. ತೋಟದ ಮಣ್ಣಿನ ರಸಸಾರ 5ಕ್ಕಿಂತ ಕೆಳಗಿತ್ತು. ಮರಗಳ ಗರಿ ಹಳದಿ, ಗೊನೆ ಸಣ್ಣ. ವರ್ಷ ವರ್ಷವೂ ಗೊಬ್ಬರ ಹೆಚ್ಚಿಸುತ್ತಾ ಬಂದಿದ್ದರು. ಎಲೆಯ ಮೇಲೆ ಒಂದು ಗಳಿಗೆ ಬೀಳುವ ದ್ರಾವಣದ ಹುಳಿಯನ್ನು ಪರೀಕ್ಷಿಸುವ ನಾವು, ಬೇರು ಹಗಲಿರುಳೂ ಕೂತಿರುವ ಮಣ್ಣಿನ ಹುಳಿಯನ್ನು ಪರೀಕ್ಷಿಸದಿರುವುದು ಯಾವ ಲೆಕ್ಕ?

ಈಗ ಆ ಅಂಕಿಯ ಬಗ್ಗೆ ನಾಲ್ಕು ಮಾತು. ರಸಸಾರದ ಅಳತೆ 0ಯಿಂದ 14ರವರೆಗೆ ನಡೆಯುತ್ತದೆ. 7 ನಡುವಿನದು, ತಟಸ್ಥ. ಅದಕ್ಕಿಂತ ಕೆಳಗೆ ಹೋದಷ್ಟೂ ಆಮ್ಲತೆ, ಅಂದರೆ ಹುಳಿ. ಮೇಲೆ ಹೋದಷ್ಟೂ ಕ್ಷಾರತೆ. ನಿಂಬೆ ರಸ 2ರ ಹತ್ತಿರ, ಮೊಸರು ನಾಲ್ಕೂವರೆಯ ಆಸುಪಾಸು, ಹಾಲು 7ಕ್ಕಿಂತ ತುಸು ಕಡಿಮೆ, ಅಡುಗೆ ಸೋಡಾ ಕರಗಿಸಿದ ನೀರು 8ರ ಮೇಲೆ, ಸುಣ್ಣದ ತಿಳಿನೀರು 12ನ್ನೂ ದಾಟುತ್ತದೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪಾರತಿ ಮಾಡುವ ತಾಯಂದಿರು ಈ ಕ್ಷಾರದ ಗುಣವನ್ನು ಕಣ್ಣಾರೆ ಕಂಡವರೇ. ಆ ಬಣ್ಣ ತಿರುಗುವುದು ಕ್ಷಾರತೆ ಸಾಕಷ್ಟು ಏರಿದ ಮೇಲೆ. ಹಾಗಾಗಿ ಮಣ್ಣಿನ ಸಣ್ಣ ಏರಿಳಿತವನ್ನು ಅರಿಶಿನ ಹೇಳಲಾರದು. ಅದಕ್ಕೆ ಮೀಟರೇ ಬೇಕು.

ಒಂದು ವಿಷಯವನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ. ಈ ಅಳತೆಯಲ್ಲಿ ಒಂದು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು. ರಸಸಾರ 6 ಇರುವ ಮಣ್ಣು 7 ಇರುವುದಕ್ಕಿಂತ ಹತ್ತು ಪಟ್ಟು ಹುಳಿ. 5 ಇದ್ದರೆ ನೂರು ಪಟ್ಟು. ‘ಆರೂವರೆ ಇದ್ದದ್ದು ಐದೂವರೆ ಆಗಿದೆ, ಒಂದೇ ತಾನೇ’ ಎಂದು ಕಾರ್ಡು ಮಡಚಿ ಜೇಬಿಗಿಡುವವರನ್ನು ನಾನು ನೋಡಿದ್ದೇನೆ. ಒಂದಲ್ಲ ಸ್ವಾಮಿ, ಹತ್ತು ಪಟ್ಟು.

ಇದು ಬರೀ ಪುಸ್ತಕದ ಪಾಂಡಿತ್ಯವೂ ಅಲ್ಲ. 1909ರಲ್ಲಿ ಈ ಅಳತೆಯನ್ನು ರೂಪಿಸಿದ ಡೆನ್ಮಾರ್ಕಿನ ಸೋರೆನ್ಸನ್ ಕೆಲಸ ಮಾಡುತ್ತಿದ್ದುದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯವರು ಸ್ಥಾಪಿಸಿದ ಪ್ರಯೋಗಾಲಯದಲ್ಲಿ. 1934ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ಇಂದಿನ ಪಿಎಚ್ ಮೀಟರಿನ ಮೂಲರೂಪವನ್ನು ಕಟ್ಟಿದ್ದು ಕ್ಯಾಲಿಫೋರ್ನಿಯಾದ ನಿಂಬೆ ರಸದ ಹುಳಿ ಅಳೆಯಬೇಕೆಂದು ಗೆಳೆಯರೊಬ್ಬರು ಕೇಳಿದ್ದರಿಂದ. ಬೆಳೆದದ್ದನ್ನು ಕೆಡಿಸದೆ ಮಾರಬೇಕಾದವರ ಅಗತ್ಯದಿಂದ ಹುಟ್ಟಿದ ವಿದ್ಯೆ ಇದು. ನಿಮ್ಮದೂ ಅದೇ ಅಗತ್ಯ.

ಗೊಬ್ಬರಕ್ಕೂ ರಸಸಾರಕ್ಕೂ ಏನು ನಂಟು? ಬೇರು ಹೀರುವುದು ನೀರಿನಲ್ಲಿ ಕರಗಿದ್ದನ್ನು ಮಾತ್ರ. ಯಾವುದು ಕರಗಬೇಕು, ಯಾವುದು ಗಟ್ಟಿಯಾಗಿ ಕೂರಬೇಕು ಎಂಬುದನ್ನು ರಸಸಾರ ನಿಯಂತ್ರಿಸುತ್ತದೆ. ಡಿಎಪಿಯ ರಂಜಕವನ್ನೇ ತೆಗೆದುಕೊಳ್ಳಿ. ಹುಳಿ ಮಣ್ಣಿನಲ್ಲಿ ಅದು ಕಬ್ಬಿಣ, ಅಲ್ಯೂಮಿನಿಯಂ ಜೊತೆ ಸೇರಿ ಕರಗದ ವಸ್ತುವಾಗುತ್ತದೆ. ಸುಣ್ಣದಂಶ ತುಂಬಿದ ಕಪ್ಪು ಮಣ್ಣಿನಲ್ಲಿ ಕ್ಯಾಲ್ಸಿಯಂ ಅದನ್ನು ಹಿಡಿದುಕೊಳ್ಳುತ್ತದೆ. ಹಾಕಿದ ವರ್ಷ ರಂಜಕದಲ್ಲಿ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ನೂರಕ್ಕೆ 15–20 ಪಾಲು ಮಾತ್ರ. ರಸಸಾರ ಕೆಟ್ಟಲ್ಲಿ ಅದೂ ಇಳಿಯುತ್ತದೆ. ಬಾವಿಯಲ್ಲಿ ನೀರಿದ್ದೂ ಹಗ್ಗ ಗಿಡ್ಡವಾದ ಹಾಗೆ ಬೆಳೆಯ ಪಾಡು. ಹೆಚ್ಚಿನ ಬೆಳೆಗಳಿಗೆ ಆರು, ಆರೂವರೆಯಿಂದ ಏಳೂವರೆಯೊಳಗಿನ ರಸಸಾರ ಒಗ್ಗುತ್ತದೆ. ಆ ಹದದಲ್ಲಿ ಅದೇ ಚೀಲ ಹೆಚ್ಚು ಕೆಲಸ ಮಾಡುತ್ತದೆ.

ಮೊದಲು ಮಲೆನಾಡು, ಕರಾವಳಿಯವರಿಗೆ ಹೇಳುತ್ತೇನೆ. ನಿಮ್ಮ ಮಳೆಯೇ ನಿಮ್ಮ ಮಣ್ಣನ್ನು ಹುಳಿ ಮಾಡುತ್ತದೆ. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಇಷ್ಟು ನೀರು ಸಾವಿರಾರು ವರ್ಷ ಮಣ್ಣಿನೊಳಗೆ ಇಳಿದಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ. ಮನೆ ಕಟ್ಟಲು ಕಡಿಯುವ ಕೆಂಪು ಮುರಕಲ್ಲು ಅದರ ಸಾಕ್ಷಿ. ರಸಸಾರ ಐದೂವರೆಗಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಮೇಲೇಳುತ್ತದೆ, ಬೇರಿನ ತುದಿಯನ್ನು ಮೊಂಡು ಮಾಡುತ್ತದೆ. ಮೊಂಡು ಬೇರಿಗೆ ಚೀಲಗಟ್ಟಲೆ ಗೊಬ್ಬರ ಸುರಿದು ಏನು ಬಂತು? ಕಾಫಿ ಆರರಿಂದ ಆರೂವರೆಯ ನಡುವೆ ಚೆನ್ನಾಗಿ ಬರುತ್ತದೆ. ಚಹಾ ಹುಳಿ ಮಣ್ಣನ್ನೇ ಬಯಸುವ ಬೆಳೆ. ಎಲ್ಲ ಬೆಳೆಗೂ ಒಂದೇ ಅಂಕಿ ಎಂಬುದಿಲ್ಲ. ಆದರೆ ನಿಮ್ಮ ಅಂಕಿ ಎಷ್ಟೆಂದು ತಿಳಿದರೆ ಮಾತ್ರ ಅದು ನಿಮ್ಮ ಬೆಳೆಗೆ ಹೊಂದುತ್ತದೋ ಇಲ್ಲವೋ ಹೇಳಬಹುದು.

ಗದ್ದೆಗೆ ಅಡಿಕೆ ಇಟ್ಟವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನೊಳಗೆ ಗಾಳಿ ಕಡಿಮೆಯಾಗಿ, ಕೆಲವು ವಾರಗಳಲ್ಲಿ ಹುಳಿ ಮಣ್ಣಿನ ರಸಸಾರ ತಾನಾಗಿಯೇ ಏರಿ ತಟಸ್ಥದ ಹತ್ತಿರ ಬರುತ್ತದೆ. ಅಜ್ಜನ ಕಾಲದಿಂದ ಭತ್ತ ಚೆನ್ನಾಗಿ ಬಂತೆಂದು ಮಣ್ಣು ಸರಿಯಿದೆ ಎಂದುಕೊಳ್ಳುತ್ತೇವೆ. ನೀರು ಬಸಿದು ಅದೇ ಜಾಗದಲ್ಲಿ ಅಡಿಕೆ, ಜೋಳ, ಶುಂಠಿ ಹಾಕಿದಾಗ ಮಣ್ಣು ತನ್ನ ಹಳೆಯ ಹುಳಿಗೆ ಮರಳುತ್ತದೆ. ಸಸಿ ನೆಟ್ಟು ಮೂರ್ನಾಲ್ಕು ವರ್ಷವಾದ ಮೇಲೆ ‘ಏಕೋ ಏಳಿಗೆಯಾಗಲಿಲ್ಲ’ ಎಂದು ಬರುವ ಬದಲು ಗುಂಡಿ ತೋಡುವ ಮೊದಲೇ ಮಣ್ಣು ತೋರಿಸಿ.

ಹುಳಿಯ ಇನ್ನೊಂದು ಮೂಲ ನಿಮ್ಮ ಕೈಯಲ್ಲೇ ಇದೆ. ಯೂರಿಯಾ, ಅಮೋನಿಯಂ ಸಲ್ಫೇಟ್ ಮಣ್ಣಿನಲ್ಲಿ ನೈಟ್ರೇಟ್ ಆಗಿ ಬದಲಾಗುವಾಗ ಆಮ್ಲವನ್ನು ಬಿಡುತ್ತವೆ. ಪಠ್ಯಪುಸ್ತಕದ ಲೆಕ್ಕದಂತೆ ನೂರು ಕಿಲೋ ಯೂರಿಯಾ ಹುಟ್ಟಿಸುವ ಹುಳಿಯನ್ನು ತಣಿಸಲು ಸುಮಾರು 80 ಕಿಲೋ ಶುದ್ಧ ಸುಣ್ಣಕಲ್ಲಿನ ಪುಡಿ ಬೇಕು. ಅಂದರೆ 45 ಕಿಲೋದ ಒಂದು ಚೀಲಕ್ಕೆ 36 ಕಿಲೋ. ಅಮೋನಿಯಂ ಸಲ್ಫೇಟ್ ಆದರೆ ನೂರಕ್ಕೆ 110. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಶುರುವಾದ ಹುಲ್ಲುಗಾವಲಿನ ಪ್ರಯೋಗ ಇಂದೂ ನಡೆಯುತ್ತಿದೆ. ವರ್ಷಾನುವರ್ಷ ಅಮೋನಿಯಂ ಸಲ್ಫೇಟ್ ಬಿದ್ದು, ಸುಣ್ಣ ಕಾಣದ ತಾಕುಗಳಲ್ಲಿ ರಸಸಾರ 3.5ರ ಮಟ್ಟಕ್ಕೆ ಕುಸಿದು, ಹತ್ತಾರು ಬಗೆಯ ಹುಲ್ಲು ಹೂಗಳಿದ್ದಲ್ಲಿ ಹುಳಿ ತಾಳುವ ಒಂದೆರಡು ಹುಲ್ಲು ಮಾತ್ರ ಉಳಿದವು. ಯೂರಿಯಾ ಬಿಡಿ ಎಂದು ನಾನು ಹೇಳುತ್ತಿಲ್ಲ. ಯೂರಿಯಾದ ಖರ್ಚಿನ ಪಕ್ಕದಲ್ಲಿ ಸುಣ್ಣದ ಖರ್ಚನ್ನೂ ಬರೆದಿಡಿ ಎನ್ನುತ್ತೇನೆ. ಹಿಂದಿನವರು ತೋಟಕ್ಕೆ ಒಲೆಯ ಬೂದಿ ಚೆಲ್ಲುತ್ತಿದ್ದರಲ್ಲ, ಅದೂ ಕ್ಷಾರವೇ. ಒಲೆ ಹೋಗಿ ಗ್ಯಾಸ್ ಬಂತು, ಬೂದಿ ನಿಂತಿತು, ಯೂರಿಯಾ ಹೆಚ್ಚಿತು.

ಇನ್ನು ಬಯಲುಸೀಮೆಯ, ಕಾಲುವೆ ಬಯಲಿನ ಬಂಧುಗಳು. ಗಂಗಾವತಿ, ಕಾರಟಗಿ, ಸಿಂಧನೂರು, ಕೃಷ್ಣೆ ಘಟಪ್ರಭೆಯ ದಂಡೆಯ ಕಬ್ಬಿನ ಊರುಗಳು. ನಿಮ್ಮ ಸಂಕಟ ಇದರ ಉಲ್ಟಾ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಲವಣ ತೊಳೆದುಹೋಗುವುದಿಲ್ಲ, ಮೇಲೇರುತ್ತದೆ. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ಯೋಜನೆಯಲ್ಲಿ ಬಹುಪಾಲು ಜಮೀನಿಗೆ ಅರೆ ನೀರಾವರಿ ಬೆಳೆಗಳನ್ನು ಉದ್ದೇಶಿಸಿದ್ದರು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂದು ಕೂತಿತು. ತಗ್ಗಿನ ಹೊಲಗಳಲ್ಲಿ ನೀರು ನಿಂತು, ಒಳಗಿನ ಲವಣ ನೀರಿನೊಂದಿಗೆ ಮೇಲೆ ಬಂದು, ಬಿಸಿಲಿಗೆ ನೀರು ಆರಿ ಉಪ್ಪು ಉಳಿಯಿತು. ಸವುಳು ಜವಳು ಎಂದು ನೀವು ಒಂದೇ ಉಸಿರಿನಲ್ಲಿ ಹೇಳುವುದು ಸರಿಯೇ ಇದೆ. ನೀರು ನಿಲ್ಲುವ ಜವಳನ್ನು ಉಪ್ಪಿನ ಸವುಳು ಹಿಂಬಾಲಿಸಿ ಬರುತ್ತದೆ. ಈ ಮಣ್ಣುಗಳ ಮೇಲೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ. ದೇಶದ ಮಟ್ಟದಲ್ಲಿ ಇದಕ್ಕಾಗಿಯೇ 1969ರಲ್ಲಿ ಶುರುವಾದ ಒಂದು ಸಂಸ್ಥೆ ಕರ್ನಾಲಿನಲ್ಲಿದೆ. ಅವರ ಬಳಿ ಉತ್ತರಗಳಿವೆ, ಕೇಳುವವರು ಬೇಕು.

ಒಂದು ಎಚ್ಚರ. ಸವುಳಿನಲ್ಲಿ ಎರಡು ಬಗೆ, ಎರಡಕ್ಕೂ ಮದ್ದು ಬೇರೆ. ಬೇಸಗೆಯಲ್ಲಿ ಹೊಲದ ಮೇಲೆ ಬಿಳಿ ಪೊರೆ ಕಟ್ಟುವುದು, ರಸಸಾರ ಎಂಟೂವರೆಯೊಳಗೇ ಇದ್ದು ಕಾರ್ಡಿನ ಎರಡನೇ ಸಾಲಿನ ಇಸಿ, ಅಂದರೆ ಕರಗಿದ ಲವಣದ ಅಳತೆ, ಏರಿರುವುದು ಲವಣದ ಮಣ್ಣು. ಅದಕ್ಕೆ ಬೇಕಾದ್ದು ಬಸಿಗಾಲುವೆ ಮತ್ತು ಒಳ್ಳೆಯ ನೀರು: ಮಡಿ ಕಟ್ಟಿ, ನೀರು ನಿಲ್ಲಿಸಿ, ಉಪ್ಪನ್ನು ಕೆಳಗೆ ತೊಳೆದು ಹೊರಗೆ ಬಿಡಬೇಕು. ಇನ್ನೊಂದು ರಸಸಾರ ಎಂಟೂವರೆ ದಾಟಿದ, ಸೋಡಿಯಂ ಹಿಡಿದ ಕ್ಷಾರ ಮಣ್ಣು. ಮಳೆ ಬಿದ್ದರೆ ನೀರು ಇಂಗದೆ ಕದಡಿದಂತೆ ದಿನಗಟ್ಟಲೆ ನಿಲ್ಲುತ್ತದೆ. ಒಣಗಿದರೆ ಕಲ್ಲು. ಕೆಲವೆಡೆ ಮಣ್ಣಿನ ಸಾವಯವ ಅಂಶ ಕರಗಿ ಮೇಲೆ ಕಪ್ಪು ಜಿಡ್ಡಿನಂತೆ ಕಾಣುತ್ತದೆ. ಇದಕ್ಕೆ ಜಿಪ್ಸಂ ಬೇಕು. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ, ಬಿಡುಗಡೆಯಾದ ಸೋಡಿಯಂ ಸಲ್ಫೇಟ್ ನೀರಿನೊಂದಿಗೆ ಬಸಿದುಹೋಗುತ್ತದೆ. ಬಸಿದುಹೋಗಲು ದಾರಿ ಇಲ್ಲದಿದ್ದರೆ ಜಿಪ್ಸಂ ಹಾಕಿಯೂ ಫಲವಿಲ್ಲ. ಆಮೇಲೆ ಹಸಿರೆಲೆ ಗೊಬ್ಬರದ ಬೆಳೆಯಾದ ಡಯಾಂಚ ಬಿತ್ತಿ, ಹೂವಾಡುವ ಮೊದಲು ಮಣ್ಣಿಗೆ ಸೇರಿಸಿದರೆ ಸುಧಾರಣೆ ಬೇಗ.

ಮದ್ದು ಅದಲುಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಾನು ಕಂಡ ಒಂದು ಪ್ರಸಂಗ. ಕಾಲುವೆ ಬಯಲಿನ ರೈತರೊಬ್ಬರು ಮಲೆನಾಡಿನ ನೆಂಟರ ತೋಟ ಸುಣ್ಣದಿಂದ ಸುಧಾರಿಸಿದ್ದನ್ನು ನೋಡಿ ಬಂದು, ಖರ್ಚು ಮಾಡಿ ತಮ್ಮ ಸವುಳು ಹೊಲಕ್ಕೂ ಟ್ರ್ಯಾಕ್ಟರಿನಲ್ಲಿ ಸುಣ್ಣಕಲ್ಲಿನ ಪುಡಿ ಎರಚಿಸಿದ್ದರು. ಎರಡು ಹಂಗಾಮು ಕಳೆದರೂ ಹೊಲ ಹಾಗೇ ಇತ್ತು. ಸುಣ್ಣಕಲ್ಲು ಕರಗುವುದು ಹುಳಿಯಿದ್ದಲ್ಲಿ. ಕ್ಷಾರ ಮಣ್ಣಿನಲ್ಲಿ ಅದು ಹಾಕಿದಂತೆಯೇ ಬಿದ್ದಿರುತ್ತದೆ. ಅಷ್ಟಕ್ಕೂ ನಿಮ್ಮ ಎರೆಮಣ್ಣಿನಲ್ಲಿ ಸುಣ್ಣದ ಹರಳು ಮೊದಲೇ ತುಂಬಿದೆ. ಹಾಗೆಯೇ ಮಲೆನಾಡಿನ ಹುಳಿಗೆ ಜಿಪ್ಸಂ ಹಾಕಿದರೆ ಕ್ಯಾಲ್ಸಿಯಂ, ಗಂಧಕ ಸಿಕ್ಕೀತು, ರಸಸಾರ ಏರದು. ಶೇಂಗಾ ಬೆಳೆಯುವವರು ‘ನಮ್ಮಲ್ಲಿ ಸವುಳಿಲ್ಲ, ಆದರೂ ಜಿಪ್ಸಂ ಹಾಕಿ ಎನ್ನುತ್ತಾರಲ್ಲ’ ಎಂದು ಕೇಳಬಹುದು. ಅದು ಕಾಯಿ ಗಟ್ಟಿಯಾಗಲು ಕೊಡುವ ಆಹಾರ, ಮಣ್ಣಿನ ಚಿಕಿತ್ಸೆಯಲ್ಲ. ಎರಡನ್ನೂ ಬೆರೆಸಬೇಡಿ.

ಕ್ಷಾರದ ಮಣ್ಣಿನಲ್ಲಿ ಸತು, ಕಬ್ಬಿಣ ಬೆಳೆಗೆ ಸಿಗುವುದು ಕಷ್ಟ. ಶೇಂಗಾದ ಎಳೆ ಎಲೆ ನರ ಹಸಿರಾಗಿ ಉಳಿದೆಲ್ಲ ಹಳದಿಯಾದರೆ ಅದು ಕಬ್ಬಿಣದ ಕೊರತೆ ಇರಬಹುದು. ಹಿಮಾಲಯದ ತಪ್ಪಲಿನ ತರಾಯಿಯಲ್ಲಿ ಭತ್ತದ ಎಲೆ ಕಂದುಗಟ್ಟುವ ಖೈರಾ ಎಂಬ ಕಾಯಿಲೆ ರೋಗಾಣುವಿನದಲ್ಲ, ಸತುವಿನ ಕೊರತೆಯದು ಎಂದು ಪಂತನಗರದ ವಿಜ್ಞಾನಿ ವೈ.ಎಲ್. ನೆನೆ 1966ರಲ್ಲಿ ತೋರಿಸಿದರು. ಅಂಗಡಿಗೆ ಹಳದಿ ಎಲೆ ಹಿಡಿದುಕೊಂಡು ಹೋದರೆ ಶಿಲೀಂಧ್ರನಾಶಕ ಕೊಡುತ್ತಾರೆ. ರೋಗವೋ ಕೊರತೆಯೋ ಎಂಬ ಪ್ರಶ್ನೆಗೆ ಕಾರ್ಡಿನ ಮೊದಲ ಸಾಲು ಅರ್ಧ ಉತ್ತರ ಹೇಳುತ್ತದೆ.

ಔಷಧಿ ಹೊಡೆಯುವ ನೀರಿನ ಬಗ್ಗೆಯೂ ಒಂದು ಮಾತು. ಬೋರ್‌ವೆಲ್ ನೀರು ಹಲವೆಡೆ ಕ್ಷಾರ. ಮೆಲಥಿಯಾನ್, ಡೈಮಿಥೋಯೇಟ್‌ನಂಥ ಕೀಟನಾಶಕಗಳು ಕ್ಷಾರದ ನೀರಿನಲ್ಲಿ ಬೇಗ ಒಡೆದು ಶಕ್ತಿ ಕಳೆದುಕೊಳ್ಳುತ್ತವೆ. ಬೆಳಿಗ್ಗೆ ಕಲಸಿಟ್ಟು ಸಂಜೆ ಹೊಡೆದು ‘ಔಷಧಿ ಡೂಪ್ಲಿಕೇಟ್’ ಎಂದು ಬೈಯುವ ಮೊದಲು ನೀರನ್ನೂ ಪರೀಕ್ಷೆಗೆ ಕೊಡಿ. ಬೈಕಾರ್ಬೊನೇಟ್ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಹಾಯಿಸಿದರೆ ಒಳ್ಳೆಯ ಕೆಂಪು ಮಣ್ಣೂ ನಿಧಾನವಾಗಿ ಕ್ಷಾರಕ್ಕೆ ತಿರುಗುತ್ತದೆ.

ಈಗ ನಿಮ್ಮ ಅಂಗಳಕ್ಕೆ ಬರುವ ಬಾಟಲಿಗಳ ಮಾತು. ‘ಎಕರೆಗೆ ಒಂದು ಲೀಟರ್ ಸಾಕು, ಪಿಎಚ್ ಸರಿಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ಒಂದು ಲೆಕ್ಕ ಕೇಳಿ. ಒಂದು ಎಕರೆಯ ಮೇಲ್ಪದರ, ಆರಿಂಚು ಆಳದ ಮಣ್ಣು, ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿರುವ ಜೇಡಿ ಮತ್ತು ಸಾವಯವ ಅಂಶ ಯಾವುದೇ ಬದಲಾವಣೆಯನ್ನು ತಡೆದು ಹಿಡಿಯುತ್ತವೆ. ಅದಕ್ಕೇ ಸುಣ್ಣ, ಜಿಪ್ಸಂಗಳನ್ನು ಕ್ವಿಂಟಲ್, ಟನ್ ಲೆಕ್ಕದಲ್ಲಿ ಹೇಳುವುದು. ಅದಕ್ಕೇ ಒಂದೇ ರಸಸಾರದ ಮರಳು ಮಣ್ಣಿಗೆ ಕಡಿಮೆ, ಜೇಡಿ ಮಣ್ಣಿಗೆ ಹೆಚ್ಚು ಸುಣ್ಣ ಬೇಕಾಗುವುದು. ಲೀಟರ್ ಬಾಟಲಿ 9 ಲಕ್ಷ ಕಿಲೋ ಮಣ್ಣನ್ನು ಹೇಗೆ ತಿರುಗಿಸುತ್ತದೆಂದು ಮಾರುವವರೇ ವಿವರಿಸಲಿ.

ಇಷ್ಟು ಹೇಳಿದ ಮೇಲೆ ನನ್ನ ಕೋರಿಕೆಗಳನ್ನು ಮುಂದಿಡುತ್ತೇನೆ.

ಮೊದಲನೆಯದು, ಮಣ್ಣನ್ನು ಸರಿಯಾಗಿ ತೆಗೆಯಿರಿ. ಗೊಬ್ಬರ, ಸುಣ್ಣ ಹಾಕುವ ಮೊದಲು, ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಆರಿಂಚು ಗುಂಡಿ ತೆಗೆದು, ಅಂಚಿನಿಂದ ಒಂದು ಹೋಳು ಮಣ್ಣು ಕೆರೆಯಿರಿ. ಅಡಿಕೆ, ತೆಂಗು, ಕಾಫಿಗೆ ಇನ್ನೂ ಆಳದ ಮಣ್ಣೂ ಬೇಕು. ಎಷ್ಟು ಆಳವೆಂದು ಕೇಳಿಕೊಳ್ಳಿ. ಬದು, ತಿಪ್ಪೆ, ಮರದ ಬುಡ, ನೀರು ನಿಲ್ಲುವ ಮೂಲೆ ಬೇಡ. ಎಲ್ಲ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ, ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ ಶುದ್ಧ ಬಟ್ಟೆಯ ಚೀಲದಲ್ಲಿ ತನ್ನಿ. ಯೂರಿಯಾ ಚೀಲದಲ್ಲಿ ಖಂಡಿತ ಬೇಡ. ಮೇಲಿನ ಹೊಲ, ತಗ್ಗಿನ ಹೊಲ ಬೇರೆ ಬೇರೆ. ಬೇರೆಯವರ ಹೊಲದ ಮಣ್ಣು ತಂದು ನಿಮ್ಮ ಹೆಸರು ಬರೆಸಿದರೆ ವರದಿಯೂ ಅವರದೇ ಆಗುತ್ತದೆ.

ಎರಡನೆಯದು, ಕಾರ್ಡು ಬಂದಾಗ ಮೊದಲ ಎರಡು ಸಾಲು ಓದಿ, ಆಮೇಲೆ ಉಳಿದದ್ದು. ಅಂಕಿ ಅರ್ಥವಾಗದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ‘ಸುಣ್ಣ ಬೇಕೇ, ಜಿಪ್ಸಂ ಬೇಕೇ, ಎರಡೂ ಬೇಡವೇ, ಬೇಕಿದ್ದರೆ ಎಷ್ಟು’ ಎಂದು ನೇರವಾಗಿ ಕೇಳಿ. ಸಹಾಯಧನ ಇದೆಯೇ ಎಂದೂ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಅಲ್ಲಿ ಕೂತವರ ಸಂಬಳ ಅದಕ್ಕೇ.

ಮೂರನೆಯದು, ಸುಣ್ಣ ಹಾಕುವವರು ಅಂದಾಜಿನಲ್ಲಿ ಹಾಕಬೇಡಿ. ಹೆಚ್ಚಾದರೆ ಸತು, ಬೋರಾನ್ ಸಿಗದೆ ಬೇರೆ ಕೊರತೆ ಶುರುವಾಗುತ್ತದೆ. ಸುಣ್ಣಕ್ಕೂ ರಾಸಾಯನಿಕ ಗೊಬ್ಬರಕ್ಕೂ ಎರಡು ಮೂರು ವಾರದ ಅಂತರವಿರಲಿ. ಸುಣ್ಣ, ಯೂರಿಯಾ ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಕ್ಷಾರ ಮಣ್ಣಿನವರೂ ಯೂರಿಯಾವನ್ನು ಮೇಲೆ ಚೆಲ್ಲಿ ಬಿಡಬೇಡಿ, ಮಣ್ಣಿಗೆ ಸೇರಿಸಿ.

ನಾಲ್ಕನೆಯದು ಕಾಲುವೆ ಬಯಲಿನವರಿಗೆ. ಬಸಿಗಾಲುವೆ ಒಬ್ಬರಿಂದಾಗುವ ಕೆಲಸವಲ್ಲ. ನಿಮ್ಮ ಹೊಲದಿಂದ ಬಸಿದ ಉಪ್ಪುನೀರು ಪಕ್ಕದವರ ಹೊಲಕ್ಕೆ ಹೋದರೆ ಸಮಸ್ಯೆ ಬರೀ ಜಾಗ ಬದಲಿಸಿತು. ಹಳ್ಳದವರೆಗೆ ದಾರಿ ಮಾಡಲು ಸಾಲಿನ ಎಲ್ಲ ಹೊಲದವರೂ ಕೂಡಿ ಅರ್ಜಿ ಕೊಡಿ. ಮೇಲ್ಭಾಗದವರು ಬೇಕಾದ್ದಕ್ಕಿಂತ ಹೆಚ್ಚು ನೀರು ನಿಲ್ಲಿಸಿದರೆ ಕೆಳಗಿನವರ ಹೊಲ ಸವುಳಾಗುತ್ತದೆಂಬುದನ್ನು ಊರಿನ ಸಭೆಯಲ್ಲಿ ಆಡಿ ತೋರಿಸಿ. ಜಗಳವಾಡದೆ ಹೇಳಬಹುದಾದ ಮಾತಿದು.

ಐದನೆಯದು, ನಿಮ್ಮ ಸೊಸೈಟಿಯ ಸರ್ವಸದಸ್ಯರ ಸಭೆಯಲ್ಲಿ ಎದ್ದುನಿಂತು ಒಂದು ಬೇಡಿಕೆ ಇಡಿ. ಡಿಎಪಿ, ಯೂರಿಯಾ ತರಿಸುವ ಸೊಸೈಟಿ ಮಲೆನಾಡಿನಲ್ಲಿ ಕೃಷಿ ಸುಣ್ಣ, ಡೋಲಮೈಟನ್ನೂ, ಸವುಳಿನ ಸೀಮೆಯಲ್ಲಿ ಜಿಪ್ಸಂ, ಡಯಾಂಚ ಬೀಜವನ್ನೂ ದಾಸ್ತಾನು ಮಾಡಲಿ. ಕಾರ್ಡಿನ ಮೊದಲ ಸಾಲು ನೋಡಿ ಕೊಡುವ ಪದ್ಧತಿ ಶುರುವಾದರೆ ಗೊಬ್ಬರದ ಸಾಲೂ ತುಸು ಚಿಕ್ಕದಾದೀತು.

ನಿಮ್ಮಲ್ಲಿ ಕೆಲವರ ಮುಖದಲ್ಲಿ ಅನುಮಾನ ಕಾಣುತ್ತಿದೆ. ‘ಸ್ಯಾಂಪಲ್ ಕೊಟ್ಟರೆ ವರದಿ ಬರುವುದೇ ತಡ, ಬಂದರೂ ಎಲ್ಲರದೂ ಒಂದೇ ಥರ ಇರುತ್ತದೆ’ ಎನ್ನುತ್ತೀರಿ. ಕೆಲವೆಡೆ ಅದು ನಿಜವಿದೆ ಎಂದು ನನಗೂ ಗೊತ್ತು. ಹಾಗಿದ್ದರೆ ಅದನ್ನು ಪ್ರಶ್ನಿಸಲೂ ಹಕ್ಕಿದೆ. ಇನ್ನೊಂದು ಕೇಂದ್ರದಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಹೋಲಿಸಿ ನೋಡಿ. ರಸಸಾರ ಅಳೆಯುವುದು ಪ್ರಯೋಗಾಲಯದ ಅತ್ಯಂತ ಸರಳ ಕೆಲಸ: ಒಂದು ಪಾಲು ಮಣ್ಣು, ಎರಡೂವರೆ ಪಾಲು ಶುದ್ಧ ನೀರು, ಕಲಕಿ, ಕಾದು, ಮೀಟರ್ ಇಳಿಸಿದರೆ ಆಯಿತು. ಊರಿನ ಹೈಸ್ಕೂಲಿನ ವಿಜ್ಞಾನ ಶಿಕ್ಷಕರೊಂದಿಗೆ ಮಾತಾಡಿ, ಮಕ್ಕಳ ಕೈಯಿಂದಲೇ ಊರಿನ ಹೊಲಗಳ ರಸಸಾರ ಅಳೆಸಿದರೂ ಸಾಕು, ವರದಿ ಅಂದಾಜೋ ಅಸಲೋ ತಿಳಿದುಹೋಗುತ್ತದೆ. ಪಾಠದಲ್ಲಿ ಆಮ್ಲ, ಕ್ಷಾರ ಎಂದು ಬಾಯಿಪಾಠ ಮಾಡುವ ಮಗುವಿಗೆ ಅಪ್ಪನ ಹೊಲದ ಅಂಕಿ ಗೊತ್ತಾದರೆ ಆ ಪಾಠಕ್ಕೂ ಒಂದು ಗುರಿ ಸಿಕ್ಕಂತೆ.

ಮುಂದಿನ ಹಂಗಾಮಿಗೆ ಸೊಸೈಟಿಯ ಸಾಲಿನಲ್ಲಿ ನಿಲ್ಲುವಾಗ ನಿಮ್ಮ ಜೇಬಿನಲ್ಲಿ ಹಣ, ಆಧಾರ್ ಕಾರ್ಡುಗಳ ಜೊತೆ ಒಂದು ಅಂಕಿಯೂ ಇರಲಿ. ಪಕ್ಕದಲ್ಲಿ ನಿಂತವರನ್ನು ‘ನಿಮ್ಮ ಹೊಲದ ರಸಸಾರ ಎಷ್ಟು?’ ಎಂದು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಮಣ್ಣು ತೆಗೆಯುವ ರೀತಿಯನ್ನು ಹೇಳಿಕೊಡಿ. ಈ ಪತ್ರ ಓದಿದ್ದಕ್ಕೆ ನನಗೆ ಅಷ್ಟು ಮಾಡಿಕೊಟ್ಟರೆ ಸಾಕು.

ನಿಮ್ಮೆಲ್ಲರಿಗೂ ಒಳ್ಳೆಯ ಮಳೆ, ಒಳ್ಳೆಯ ಬೆಲೆ ಹಾರೈಸುತ್ತಾ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮಣ್ಣು ಪರೀಕ್ಷಕ